ಹದಿನಾಲ್ಕು ಗಂಟು

೨೦೨೪ರ ಜೂನ್ ೨೦, ಗುರುವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ವಿಂಡೆಲ್ ನದಿಯ ದಂಡೆಯ ಮರದ ಶೆಡ್ಡಿನಲ್ಲಿ ನಳಿನಿ ರಾಫ್ಟಿಂಗಿಗೆಂದು ಕೊಟ್ಟ ಸೂಟಿನ ಬಿಗಿಯಾದ ರಬ್ಬರ್ ಕೊರಳಿನೊಳಗೆ ತಲೆ ತೂರಿಸಲು ಒದ್ದಾಡುತ್ತಿದ್ದಳು. ಮಾರನೆಯ ದಿನ ಅಲ್ಲಿನವರ ನಡುಬೇಸಿಗೆಯ ಹಬ್ಬ ಮಿಡ್‌ಸೊಮ್ಮರ್, ಇಡೀ ದೇಶವೇ ರಜೆಯ ಗುಂಗಿನಲ್ಲಿತ್ತು. ಅವಳು, ಗಂಡ ಭಾಸ್ಕರ, ಎಸ್ಕಿಲ್‌ಸ್ಟುನಾದಿಂದ ಬಂದ ಮೈದುನ ಸುದರ್ಶನ್ ಮೂವರೂ ಹಿಂದಿನ ದಿನವೇ ಬಂದು ಕಾಡಿನ ಕ್ಯಾಬಿನ್ನಿನಲ್ಲಿ ಇಳಿದಿದ್ದರು. ಅವಲಕ್ಕಿ ತಿಂದು, ಎರಡೆರಡು ಸಲ ಕಾಫಿ ಕುಡಿದು, ಅವಸರವಿಲ್ಲದೆ ನದಿಗೆ ನಡೆದು ಬಂದಿದ್ದರು.

“ಅತ್ತಿಗೆ, ಅಣ್ಣನ್ನ ನೋಡಿ. ಅಕ್ಕಿಮೂಟೆಗೆ ಹೆಲ್ಮೆಟ್ ಹಾಕಿದ ಹಾಗಿದಾನೆ.”

“ನೀನೇನು ಕಮ್ಮಿಯೇನೋ? ಕೊರಿಯರ್ ಪಾರ್ಸೆಲ್ ಹಾಗಿದೀಯ,” ಎಂದ ಭಾಸ್ಕರ.

ಗೈಡ್ ಇಂಗೆಲಾ ನಗುತ್ತಲೇ ವಿಷಯಕ್ಕೆ ಬಂದಳು. ನೀರು ಎಂಟು ಡಿಗ್ರಿ. ಈ ಸೂಟು ಒಳಗಿನ ಉಣ್ಣೆ ಬಟ್ಟೆಯನ್ನು ಒದ್ದೆಯಾಗದಂತೆ ಇಡುತ್ತದೆ. ಬಟ್ಟೆ ಒಣಗಿದ್ದರೆ ನೀರಿಗೆ ಬಿದ್ದವರು ಒಂದು ಗಂಟೆಗೂ ಹೆಚ್ಚು ತಡೆದುಕೊಳ್ಳಬಹುದು. ಅದರ ಜೀವವೆಲ್ಲ ಕತ್ತು, ಮಣಿಕಟ್ಟುಗಳ ರಬ್ಬರ್ ಪಟ್ಟಿಯಲ್ಲಿದೆ. ವಾಚು, ಬಳೆ, ದಾರ, ಯಾವುದೂ ಅದರಡಿ ಇರಕೂಡದು.

ನಳಿನಿ ತನ್ನ ಕರಿಮಣಿ ಸರವನ್ನು ಯೋಚನೆಯಿಲ್ಲದೆ ತೆಗೆದು ಬ್ಯಾಗಿಗೆ ಹಾಕಿದಳು. ಆದರೆ ಭಾಸ್ಕರ ಬಲಗೈಯ ದಾರಕ್ಕೆ ಬೆರಳು ಹಾಕಿದಾಗ ಅವಳು ಥಟ್ಟನೆ ಅವನ ಕೈ ಹಿಡಿದಳು. ಅದು ಅನಂತನ ವ್ರತದ ದಾರ, ಹದಿನಾಲ್ಕು ಗಂಟಿನ ಕೆಂಪು ರೇಷ್ಮೆ. ಅತ್ತೆ ತೀರಿಕೊಳ್ಳುವ ಮುಂಚೆ ವ್ರತವನ್ನು ಅವಳ ಕೈಗೆ ಒಪ್ಪಿಸಿ ಹೋಗಿದ್ದರು. ಹೋದ ಸೆಪ್ಟೆಂಬರಿನಲ್ಲಿ ಅವಳೇ ಪೂಜೆ ಮಾಡಿ ಕಟ್ಟಿದ್ದಳು. ತೋಳಿಗೆ ಕಟ್ಟಬೇಕಾದದ್ದನ್ನು ಅವನು ಮಣಿಕಟ್ಟಿಗೇ ಸಾಕೆಂದಿದ್ದ. ವರ್ಷ ತುಂಬುವ ಮೊದಲು ದಾರವನ್ನು ಕಿತ್ತೆಸೆದವನು ಎಲ್ಲವನ್ನೂ ಕಳೆದುಕೊಂಡ ಎಂದು ವ್ರತದ ಕಥೆಯಲ್ಲಿ ಬರುತ್ತದೆ. ನಂಬುತ್ತೀಯಾ ಎಂದು ಕೇಳಿದ್ದರೆ ನಳಿನಿ ಇಲ್ಲವೆನ್ನುತ್ತಿದ್ದಳು. ಬಿಚ್ಚಿಸಿ ನೋಡುವ ಧೈರ್ಯ ಮಾತ್ರ ಅವಳಿಗಿರಲಿಲ್ಲ.

“ಬಿಚ್ಚಬೇಡ್ರೀ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.”

“ನಿನ್ನ ಲ್ಯಾಬಲ್ಲಾಗಿದ್ರೆ ನನ್ನನ್ನ ರಿಜೆಕ್ಟ್ ಮಾಡ್ತಿದ್ದೆ ಕಣೇ.”

“ಲ್ಯಾಬ್ ಅಲ್ಲ ಇದು, ವೆಕೇಶನ್ನು.”

ಭಾಸ್ಕರ ನಕ್ಕು, ರಬ್ಬರ್ ಪಟ್ಟಿಯನ್ನು ದಾರದ ಮೇಲೆಯೇ ಎಳೆದು ಗ್ಲೌಸ್ ಹಾಕಿಕೊಂಡ. ಇಂಗೆಲಾಗೆ ಅದು ಕಾಣಲಿಲ್ಲ.

ಮೋಲ್ನ್‌ಡಾಲ್‌ನ ಪ್ರಯೋಗಾಲಯದಲ್ಲಿ ನಳಿನಿಯ ಕೆಲಸವೇ ಅದು. ಇಂಜೆಕ್ಷನ್ ಸೀಸೆಗಳ ರಬ್ಬರ್ ಬಿರಡೆ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸುವುದು. ಗಾಜಿಗೂ ಬಿರಡೆಗೂ ನಡುವೆ ಕೂದಲಿನಷ್ಟು ಎಳೆ ಸಿಕ್ಕಿದರೂ ಆ ಸೀಸೆ ಕಸದ ಬುಟ್ಟಿಗೆ.

ರಾಫ್ಟು ನದಿಗಿಳಿಯಿತು. ಮೊದಲ ಎರಡು ಇಳಿಜಾರುಗಳಲ್ಲಿ ಕಿರುಚಾಟ, ನಗು. ಮೂರನೆಯದರಲ್ಲಿ ರಾಫ್ಟು ಬಂಡೆಗೆ ಒರಗಿ ನಿಧಾನವಾಗಿ, ಹಾಸಿಗೆ ಮಗುಚಿದಂತೆ, ಮಗುಚಿಕೊಂಡಿತು. ನಳಿನಿಯನ್ನೂ ಸುದರ್ಶನ್‌ನನ್ನೂ ಇಂಗೆಲಾ ದಡಕ್ಕೆ ಎಳೆದಳು. ಇಬ್ಬರ ಬಟ್ಟೆಯೂ ಒಳಗೆ ಒಣಗಿಯೇ ಇತ್ತು. ಭಾಸ್ಕರ ನಡುನೀರಿನ ಬಂಡೆಯೊಂದನ್ನು ಬಲಗೈಯಲ್ಲಿ ತಬ್ಬಿ ನಿಂತಿದ್ದ. ಎದೆಯವರೆಗೆ ನೀರು, ಆ ಕೈಯ ಮೇಲೆ ಪ್ರವಾಹದ ಪೂರಾ ಒತ್ತಡ.

“ಹೆದರಬೇಡಿ,” ಎಂದಳು ಇಂಗೆಲಾ, ರೇಡಿಯೋದಲ್ಲಿ ಸಹಾಯ ಕೇಳಿದ ಮೇಲೆ. “ಸೂಟು ಒಳ್ಳೆಯದು. ಹೆಲಿಕಾಪ್ಟರ್ ಬರುವವರೆಗೆ ಅವರಿಗೆ ಏನೂ ಆಗುವುದಿಲ್ಲ.”

ಭಾಸ್ಕರ ಎಡಗೈ ಎತ್ತಿ ಆಡಿಸಿದ. ಸುದರ್ಶನ್ “ಅಕ್ಕಿಮೂಟೆ, ಗಟ್ಟಿಯಾಗಿ ಹಿಡ್ಕೊಳೋ!” ಎಂದು ಕೂಗಿದ. ನಳಿನಿಗೆ ಮಾತ್ರ ಆ ಗ್ಲೌಸಿನಡಿಯ ಕತ್ತಲು ಕಣ್ಣಿಗೆ ಕಟ್ಟಿತು. ರಬ್ಬರಿನಡಿಯಲ್ಲಿ ಹದಿನಾಲ್ಕು ಗಂಟು, ಗಂಟು ಗಂಟಿನ ಪಕ್ಕದಲ್ಲೂ ಒಂದು ಸಂದು, ಆ ಸಂದುಗಳಲ್ಲಿ ನೀರು. ಹೇಳಬೇಕು ಎಂದುಕೊಂಡಳು. ಹೇಳಿದರೆ ಹೆಲಿಕಾಪ್ಟರ್ ಬೇಗ ಬರುತ್ತದೆಯೇ ಎಂದೂ ತನ್ನನ್ನೇ ಕೇಳಿಕೊಂಡಳು. ಅವನ ಎಡಗೈ ಮತ್ತೆ ಮೇಲೇಳಲಿಲ್ಲ.

“ಅವರ ಸೂಟಿನೊಳಗೆ ನೀರು ಹೋಗುತ್ತಿದೆ,” ಎಂದಳು ಕೊನೆಗೆ. “ಮಣಿಕಟ್ಟಿನ ಪಟ್ಟಿಯಡಿ ದಾರವಿದೆ.”

ಇಂಗೆಲಾ ಅವಳ ಮುಖವನ್ನು ಒಂದು ಕ್ಷಣ ನೋಡಿದಳು. ರೇಡಿಯೋ ಮತ್ತೆ ಕೈಗೆತ್ತಿಕೊಂಡಳು. ಆಮೇಲೆ ಹಗ್ಗ ಎಸೆಯತೊಡಗಿದಳು. ಎರಡು ಸಲ ಹಗ್ಗ ಸರಿಯಾಗಿ ಭಾಸ್ಕರನ ಭುಜದ ಮೇಲೇ ಬಿತ್ತು. ಅವನು ಅದನ್ನು ನೋಡಿದ. ಹಿಡಿಯಲು ಬೆರಳು ಮಡಚಲಿಲ್ಲ.

ಹೆಲಿಕಾಪ್ಟರ್ ಅವನನ್ನು ಎತ್ತುವಾಗ ಸೂಟಿನ ಕಾಲುಗಳು ನೀರು ತುಂಬಿ ಕೊಡಗಳಂತೆ ಉಬ್ಬಿದ್ದವು. ಮೇಲೆತ್ತಿದ ಆ ಅಲುಗಾಟದಲ್ಲೇ ಅವನ ಹೃದಯ ನಿಂತಿತು.

ಆಸ್ಪತ್ರೆಯಲ್ಲಿ ಡಾಕ್ಟರು ಬಿಡಿಸಿ ಹೇಳಿದರು. ತಣ್ಣಗಿರುವವರನ್ನು ಸತ್ತರೆಂದು ನಾವು ಬರೆಯುವುದಿಲ್ಲ. ರಕ್ತವನ್ನು ಹೊರಗಿನ ಯಂತ್ರದಲ್ಲಿ ಬಿಸಿ ಮಾಡಿ ಒಳಗೆ ಬಿಡುತ್ತಿದ್ದೇವೆ. ಈಗ ಮೈ ಇಪ್ಪತ್ತಾರು ಡಿಗ್ರಿ. ಮೂವತ್ತೆರಡು ಮುಟ್ಟುವುದರೊಳಗೆ ಹೃದಯ ತಾನಾಗಿ ಬಡಿಯಬೇಕು. ಮುಟ್ಟಿದ ಮೇಲೂ ಬಡಿಯದಿದ್ದರೆ ನಿಲ್ಲಿಸುತ್ತೇವೆ.

ಗಾಜಿನಾಚೆ ಪರದೆಯ ಮೇಲೆ ಅಂಕಿ ಕಾಣುತ್ತಿತ್ತು. ಏರದೆ ಬದುಕಿಲ್ಲ, ಏರಿದಷ್ಟೂ ಉಳಿದ ಅವಕಾಶ ಕಡಿಮೆ. ಇಪ್ಪತ್ತೆಂಟಾದಾಗ ನಳಿನಿ ಕೈಮುಗಿದಳು. ಮೂವತ್ತಾದಾಗ, ಸ್ವಲ್ಪ ನಿಲ್ಲು, ಎಂದು ಆ ಅಂಕಿಗೇ ಬೇಡಿಕೊಂಡಳು.

ನರ್ಸ್ ಒಬ್ಬಳು ಪುಟ್ಟ ಪ್ಲಾಸ್ಟಿಕ್ ಚೀಲ ತಂದುಕೊಟ್ಟಳು. ಕತ್ತರಿಯಿಂದ ಕತ್ತರಿಸಿದ ಕೆಂಪು ದಾರ, ಇನ್ನೂ ಒದ್ದೆ. ಗಂಟುಗಳೆಲ್ಲ ಹಾಗೇ ಇದ್ದವು.

“ಅಣ್ಣ ಬಿಚ್ಚೋಕೆ ಹೋಗಿದ್ದ, ಅಲ್ವಾ ಅತ್ತಿಗೆ?” ಎಂದು ಸುದರ್ಶನ್ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ.

“ಹೂಂ. ನಾನೇ ಬೇಡ ಅಂದೆ.”

ಅವನು ಎದ್ದು ಹೋಗಲಿಲ್ಲ. ಅವಳ ಕಡೆ ನೋಡಲೂ ಇಲ್ಲ.

ಹೃದಯದ ಗೆರೆ ನೇರವಾಗಿಯೇ ಹರಿಯುತ್ತಿತ್ತು. ಡಾಕ್ಟರು ಗಾಜಿನೊಳಗಿಂದ ತಿರುಗಿ ನಳಿನಿಯತ್ತ ನೋಡಿದರು. ಅವಳು ಅವರನ್ನು ನೋಡದೆ ಪರದೆಯನ್ನೇ ಓದಿದಳು. ಮೂವತ್ತೆರಡು ಪಾಯಿಂಟ್ ಒಂದು ಡಿಗ್ರಿ.