ಮುಂಜಾನೆಯ ಧಾಟಿ

"ಇನ್ನೊಂದ್ ಸ್ವಲ್ಪ ಮ್ಯಾಲೆ ಎತ್ರಿ, ಯಜಮಾನ್ರು ಜಾರಾಕತ್ಯಾರ!" ಭಜನಾ ಮೇಳದ ನಾಗಪ್ಪ ಕೂಗಿದ.

ಪಡಸಾಲೆಯಲ್ಲಿ ಕೂಡಿಸಿದ್ದ ಶೇಖಪ್ಪನ ಹೆಣ ಮತ್ತೆ ವಾಲಿತ್ತು. ಇಬ್ಬರು ಬಗಲಿಗೆ ಕೈಹಾಕಿ ನೆಟ್ಟಗೆ ಕೂಡಿಸಿ, ಗೋಡೆಯ ಮೊಳೆಗೆ ಪಂಜೆಯಿಂದ ಬಿಗಿದರು.

"ಬದುಕಿದ್ದಾಗೂ ಹಿಂಗ. ಭಜನ್ಯಾಗ ಒಂದ್ ದಿನ ನೆಟ್ಟಗ ಕುಂತಾಂವಲ್ಲ," ಎಂದ ನಾಗಪ್ಪ.

ಹಾರ್ಮೋನಿಯಂ ಮುಂದೆ ಕೂತಿದ್ದ ಫಕ್ಕೀರಸಾಬನಿಗೆ ನಗು ಬಂತು. ಕೆಮ್ಮಿದಂತೆ ಮಾಡಿ ನುಂಗಿದ. ಬ್ಯಾಡಗಿಯಲ್ಲಿ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ಮೆಣಸಿನಕಾಯಿ ಘಾಟಿಗೆ ಊರಿಗೆ ಊರೇ ಕೆಮ್ಮುತ್ತದೆ.

ನಗಲಾಗದಷ್ಟು ಚಿಂತೆಯೂ ಅವನಿಗಿತ್ತು. ಶೇಖಪ್ಪನ ಹೆಂಡತಿ ಗದಿಗೆವ್ವ ಇನ್ನೂ ಅತ್ತಿರಲಿಲ್ಲ. ಸತ್ತವನ ಗುಣ ಹಾಡ್ಯಾಡಿಕೊಂಡು ಅಳಲು ಮೋಟೆಬೆನ್ನೂರಿನ ಹೆಂಗಸರು ಬೆಳಗಿನಿಂದ ಸಜ್ಜಾಗಿ ಕೂತಿದ್ದರು. ಆದರೆ ಮೊದಲ ನುಡಿ ಹೆಂಡತಿಯೇ ಎತ್ತಬೇಕು.

"ಅಕಿ ಎತ್ತಲಿಲ್ಲಂದ್ರ ನಾವ್ ಹೆಂಗ ಅಳೂನಬೇ?" ಒಬ್ಬಳು ಗೊಣಗಿದಳು. "ಬಸ್ಸಿನ ಹೊತ್ತಾತು."

ರಾಣೆಬೆನ್ನೂರಿನಿಂದ ಬಂದಿದ್ದ ಮಗಳು ಸ್ನೇಹಾ ಫಕ್ಕೀರಸಾಬನ ಪಕ್ಕ ಕುಕ್ಕರಿಸಿದಳು. "ಕಾಕಾ, ಅವ್ವ ನಿನ್ನೆಯಿಂದ ಒಂದ್ ಮಾತಾಡಿಲ್ಲ. ನೀರೂ ಒಲ್ಲೆ ಅಂತ ತಲಿ ಅಳ್ಳಾಡಸ್ತಾಳ. ನನಗ ಹೆದರಿಕಿ ಆಗೇತಿ. ಏನರ ಮಾಡ್ರಿ."

"ನಾ ಏನ್ ಮಾಡ್ಲಿ ಮಗಳ?" ಎಂದ ಫಕ್ಕೀರಸಾಬ. ಮಾಡಬಹುದಾದದ್ದು ಒಂದಿತ್ತು. ಅದನ್ನು ನೆನೆದು ಹಾರ್ಮೋನಿಯಂ ತಿದಿ ಮುಚ್ಚಿಬಿಟ್ಟ.

*

ಶೇಖಪ್ಪ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ತೂಗುತ್ತಿದ್ದ. ಸಂಜೆ ಅದೇ ಅಂಗಡಿಯ ಗೋದಾಮಿನಲ್ಲಿ ಭಜನೆ. ಅವನಿಗೆ ಕಂಠವಿರಲಿಲ್ಲ, ಧಾಟಿ ಕಟ್ಟುವ ಹುಚ್ಚು ಮಾತ್ರ ಇತ್ತು. ಒಮ್ಮೆ ಹೊಸದೊಂದನ್ನು ಗುನುಗಿದ. ಫಕ್ಕೀರಸಾಬ ನುಡಿಸುತ್ತ ಹೋದ. ಧಾಟಿ ಸರಸರನೆ ಮೇಲೇರಿತು, ಅಲ್ಲೇ ನಿಂತಿತು, ಧಡಕ್ಕನೆ ಇಳಿಯಿತು.

"ಎಲ್ಲೋ ಕೇಳಿದಂಗ ಐತಲ್ಲೋ."

"ದಿನಾ ಕೇಳ್ತಿ. ನಮ್ಮ ಗ್ವಾಡಿ ಆಚೆನ ನಿಮ್ಮನಿ."

ಫಕ್ಕೀರಸಾಬನ ಬೆರಳು ನಿಂತವು. "ಯಾ ಅಲ್ಲಾ! ಗದಿಗೆವ್ವ ವೈನಿ ಬೈಯೂದು!"

"ಮುಂಜಾನೀದು. ಸಂಜೀದು ಬ್ಯಾರೆ, ಅದಿನ್ನೂ ಕೈಗೆ ಸಿಕ್ಕಿಲ್ಲ." ಶೇಖಪ್ಪನ ಮುಖ ಮದುಮಗನ ಹಾಗೆ ಕೆಂಪಾಗಿತ್ತು. "ಎಷ್ಟ್ ಸಿಟ್ಟಿದ್ರೂ ಸುರ ಬಿಡಂಗಿಲ್ಲ ನೋಡು ಅಕಿ. ಕೇಳಾಕಂತನ ನಾ ಹಾಲು ಮರತು ಬರ್ತೀನಿ."

"ವೈನಿಗೆ ಹೇಳ್ಲೇನು?"

"ನಾ ಇರೂತನಕ ಬ್ಯಾಡಪಾ. ಗೊತ್ತಾದ್ರ ಬೈಯೂದು ಬಿಟ್ಟಾಳು."

*

ಹೆಣ ಹೊರುವ ವಿಮಾನ ಕಟ್ಟಿ ಮುಗಿಯಿತು. ಶೇಖಪ್ಪನನ್ನು ಅದರಲ್ಲಿ ಕೂಡಿಸಿ, ನಾಲ್ವರು ಹೆಗಲು ಕೊಟ್ಟರು. ಗದಿಗೆವ್ವ ಒಣಗಣ್ಣಲ್ಲಿ ನೋಡುತ್ತಲೇ ಇದ್ದಳು.

ಅವನು ಇರುವತನಕ ಎಂಬ ಮಾತು ನಿನ್ನೆಗೇ ತೀರಿತ್ತಲ್ಲ! ಫಕ್ಕೀರಸಾಬ ತಿದಿ ಒತ್ತಿದ.

"ಇದ್ಯಾವ ಭಜನಿ ಮಾರಾಯಾ?" ನಾಗಪ್ಪ ತಾಳ ತಪ್ಪಿದ.

ಎರಡನೆಯ ಸಾಲಿಗೆ ಗದಿಗೆವ್ವನ ಕತ್ತು ತಿರುಗಿತು. "ಸಾಬಾ, ಏನದು?"

"ನೀವ ವೈನಿ," ಎಂದ ಅವನು, ಹಾರ್ಮೋನಿಯಂ ಮರೆಗೆ ಕುಗ್ಗುತ್ತ. "ಮುಂಜಾನೆ ನೀವ್ ಬೈತಿದ್ರಲ್ಲ... ಅದಕ್ಕ ಶೇಖಪ್ಪ ಕಟ್ಟಿದ ಧಾಟಿ. ಬಾಳ ಪ್ರೀತೀದು."

ಸ್ನೇಹಾ ಬಾಯಿಗೆ ಸೆರಗು ಒತ್ತಿಕೊಂಡಳು. ಗದಿಗೆವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ವಿಮಾನದ ಮುಂದೆ ನಿಂತಳು.

"ನಾ ಗಂಟಲ ಹರಕೊಂಡು ಬೈದ್ರ ನೀ ರಾಗ ಕೇಳ್ತಿದ್ಯಾ? ಚಾವಿ ಮರತಿ, ಚಪ್ಪಲಿ ಮರತಿ, ಸಂತಿಗೆ ಹೋಗಿ ಚೀಲಾನ ಮರತಿ! ಈಗ ನನ್ನ ಮರತು ಯಾವೂರಿಗೆ ಹೊಂಟೀಯೋ, ನನ್ನ ದೊರಿಯೇ..."

ದನಿ ಸರಸರನೆ ಮೇಲೇರಿತು, ಅಲ್ಲೇ ನಿಂತಿತು, ಧಡಕ್ಕನೆ ಒಡೆಯಿತು. ಮೋಟೆಬೆನ್ನೂರಿನವರು ಕಾದಿದ್ದವರಂತೆ ಕೊನೆಯ ಸಾಲು ಎತ್ತಿಕೊಂಡರು. ಹೊತ್ತವರು ಇನ್ನೇನು ಹೊರಡಬಹುದೆಂದು ಕಾಲು ಮುಂದಿಟ್ಟರು.

"ಏ, ನಿಂದರ್ರೋ! ನಂದಿನ್ನೂ ಮುಗದಿಲ್ಲ."

ನಾಲ್ವರೂ ನಿಂತಲ್ಲೇ ನಿಂತು ಹೆಗಲು ಬದಲಿಸಿದರು. ಅವಳು ಮೂಗು ಒರೆಸಿಕೊಂಡು ಉಸಿರೆಳೆದುಕೊಳ್ಳುವತನಕ, ಫಕ್ಕೀರಸಾಬ ಸುರ ಬಿಡದೆ ತಿದಿ ಒತ್ತುತ್ತ ಕಾದ.