ಅಳತೆಗೆ ಕೂತ ಡೈಕಿರಿ

ಟೈಲರಮ್ಮ ತುಟಿಗಳ ನಡುವೆ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿನ ಮೆತ್ತೆಗೆ ಚುಚ್ಚಿದಳು. ಬಾಯಲ್ಲಿ ಸೂಜಿ ಇಟ್ಟುಕೊಂಡು ಗಿರಾಕಿಗಳ ಜೊತೆ ಜಗಳ ಕೂಡ ಆಡಬಲ್ಲವಳು ಆಕೆ. ಕುಡಿಯುವುದಕ್ಕೆ ಮಾತ್ರ ತೆಗೆಯಲೇಬೇಕಿತ್ತು. ಎದುರಿಗೆ ಗಂಡ ಒಂದು ಸ್ಟ್ರಾ ಹಿಡಿದು ನಿಂತಿದ್ದರು. ಅದರ ಮೇಲಿನ ತುದಿಯನ್ನು ತೋರುಬೆರಳಿನಿಂದ ಮುಚ್ಚಿದ್ದರು. ಕೆಳಗೆ ಎರಡು ಬೆರಳಷ್ಟು ಮಸುಕು ಬಣ್ಣದ ರಸ ಬೀಳದೆ ನಿಂತಿತ್ತು.

"ನಾಲಿಗೆ ಚಾಚು," ಎಂದರು.

"ಡಾಕ್ಟರ ಹತ್ರ ಬಂದ ಹಾಗಾಯ್ತು," ಎನ್ನುತ್ತಲೇ ಚಾಚಿದಳು. ಅವರು ಬೆರಳು ಎತ್ತಿದರು. ರಸ ತಣ್ಣಗೆ ನಾಲಿಗೆಯ ಮೇಲೆ ಇಳಿಯಿತು.

"ಹೇಗಿದೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ಏನೂ ಹೇಳಿದ ಹಾಗಲ್ಲ ಕಣೇ. ಹುಳಿ ಎಷ್ಟಿದೆ? ಸಿಹಿ ಎಲ್ಲಿ ನಿಲ್ತು?"

"ರೀ, ಹುಟ್ಟಿದಾಗಿಂದ ಇದನ್ನ ಮುಟ್ಟದೋಳನ್ನ ಕೂರಿಸಿ ಪರೀಕ್ಷೆ ಮಾಡ್ತಾ ಇದೀರಿ. ಉತ್ತರ ಎಲ್ಲಿಂದ ತರಲಿ?"

ಮೇಷ್ಟ್ರು ಉಸಿರು ಬಿಟ್ಟು ಸ್ಟ್ರಾವನ್ನು ಲೋಟಕ್ಕೆ ಹಾಕಿದರು. ಹೋಟೆಲಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಮೇಷ್ಟ್ರು ಅಂತಲೇ. ಅವರು ಶಾಲೆಯ ಮೆಟ್ಟಿಲು ಹತ್ತಿದ್ದೇ ಅಪರೂಪ, ಅದು ಬೇರೆ ಮಾತು. ಇಪ್ಪತ್ತೆಂಟು ವರ್ಷ ಒಂದೇ ಬಾರಿನ ಕೌಂಟರಿನ ಹಿಂದೆ ನಿಂತು, ಬಂದ ಹೊಸಬರಿಗೆಲ್ಲ ಗ್ಲಾಸು ಒರೆಸುವುದರಿಂದ ಹಿಡಿದು ಪಾನೀಯ ಬೆರೆಸುವ ಶೇಕರ್ ಕುಲುಕುವವರೆಗೆ ಕಲಿಸಿದ್ದಕ್ಕೆ ಆ ಹೆಸರು ಅಂಟಿಕೊಂಡಿತ್ತು. ರಮ್ಮಿಗೆ ನಿಂಬೆ, ಸಕ್ಕರೆ ಪಾಕ ಬೆರೆಸಿದ ಅವರ ಕೈಯ ಡೈಕಿರಿ ಕುಡಿಯಲೆಂದೇ ಊರು ದಾಟಿ ಬರುವವರಿದ್ದರು. ಆದರೆ ಮನೆಗೆ ಮಾತ್ರ ಅವರು ಒಂದು ದಿನವೂ ಒಂದು ಸೀಸೆ ತಂದವರಲ್ಲ. ಕೆಲಸವನ್ನು ಚಪ್ಪಲಿಯ ಹಾಗೆ ಹೊರಗೇ ಬಿಟ್ಟು ಬರಬೇಕು ಅನ್ನುವುದು ಅವರ ನಿಯಮ. ಹಾಗಾಗಿ ಟೈಲರಮ್ಮನಿಗೆ ಗಂಡನ ವಿದ್ಯೆಯ ಬಗ್ಗೆ ಅಂಥ ದೊಡ್ಡ ಅಭಿಪ್ರಾಯವೇನೂ ಇರಲಿಲ್ಲ. ಸೀಸೆಯಿಂದ ಲೋಟಕ್ಕೆ ಬಗ್ಗಿಸುವುದು, ಅದರಲ್ಲೇನು ಮಹಾ ಎಂದೇ ಆಕೆ ಇಷ್ಟು ವರ್ಷ ಅಂದುಕೊಂಡಿದ್ದಳು. ಬಾಯಿ ಬಿಟ್ಟು ಹೇಳಿರಲಿಲ್ಲ, ಅದೊಂದು ಪುಣ್ಯ.

ಈಗ ಮನೆಯ ಮುಂದಿನ ಕೋಣೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ರಮ್ಮಿನ ಸೀಸೆ, ನಿಂಬೆಹಣ್ಣು, ಸಕ್ಕರೆ ಪಾಕ, ಐಸು, ಎಲ್ಲವೂ ಬಂದು ಕೂತಿದ್ದವು. ಕಾರಣ ಮೂಗು.

ಒಂದೂವರೆ ತಿಂಗಳ ಹಿಂದೆ ಮೇಷ್ಟ್ರಿಗೆ ಜ್ವರ ಬಂದು ಹೋಗಿತ್ತು. ಹೋಗುವಾಗ ವಾಸನೆಯನ್ನು ಪೂರ್ತಿ, ರುಚಿಯನ್ನು ಮುಕ್ಕಾಲು ಪಾಲು ಹೊತ್ತುಕೊಂಡು ಹೋಗಿತ್ತು. ಹೋಟೆಲು ರಿಪೇರಿಗೆಂದು ಮುಚ್ಚಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಅವರು ಹೆಂಡತಿಗೂ ಹೇಳಲಿಲ್ಲ. ಹಾಕಿದ್ದನ್ನು ಉಂಡು, ಚೆನ್ನಾಗಿದೆ ಎಂದು ಏಳುತ್ತಿದ್ದರು. ಮೊನ್ನೆ ಬೆಳಿಗ್ಗೆ ಒಲೆಯ ಮೇಲೆ ಹಾಲು ಸೀದು ಕರಕಲಾಯಿತು. ಆ ವಾಸನೆಗೆ ಎದುರುಮನೆಯವರು ಓಡಿ ಬಂದರು. ಒಲೆಯ ಪಕ್ಕದಲ್ಲೇ ಕೂತಿದ್ದ ಮೇಷ್ಟ್ರು ಪೇಪರಿನ ಮೂರನೆಯ ಪುಟ ಓದುತ್ತಿದ್ದರು.

"ಕಟ್ಕೊಂಡ ಹೆಂಡತಿಗೆ ಹೇಳೋಕೆ ಏನಾಗಿತ್ತು ನಿಮಗೆ?" ಎಂದು ಆಕೆ ಪಾತ್ರೆ ಉಜ್ಜುತ್ತಾ ಸಿಡುಕಿದ್ದಳು. ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು ಅದರಲ್ಲಿ.

"ಹೇಳಿದ್ರೆ ನಿಜ ಆಗಿಬಿಡುತ್ತೆ ಅಂತ ಸುಮ್ಮನಿದ್ದೆ," ಎಂದಿದ್ದರು ಅವರು. ಆಮೇಲೆ ಜೇಬಿನಿಂದ ಕಾಗದ ತೆಗೆದು ತೋರಿಸಿದ್ದರು. ಹೋಟೆಲಿಗೆ ಹೊಸ ಮ್ಯಾನೇಜರ್ ಬಂದಿದ್ದಾರೆ. ಗುಂಡಿ ಒತ್ತಿದರೆ ತಾನೇ ಬೆರೆಸಿ ಕೊಡುವ ಯಂತ್ರವೊಂದನ್ನು ಯಾರೋ ತಂದು ತೋರಿಸಿದ್ದಾರೆ. ಅದನ್ನು ಕೊಳ್ಳುವ ಮುಂಚೆ ಮೇಷ್ಟ್ರ ಡೈಕಿರಿ ಒಮ್ಮೆ ಕುಡಿದು ನೋಡಬೇಕಂತೆ. ಬಾರಿನ ನೆಲ ಅಗೆದು ಹಾಕಿರುವುದರಿಂದ ಶುಕ್ರವಾರ ನಾಲ್ಕಕ್ಕೆ ಮನೆಗೇ ಬರುತ್ತಾರಂತೆ.

"ಮೂಗು ಹೋದ್ರೆ ಬದುಕ್ತೀನಿ. ಆ ಕೌಂಟರ್ ಹೋದ್ರೆ ನಾನು ಯಾರು ಹೇಳು?"

ಮನೆಯಲ್ಲಿ ಉಳಿದಿದ್ದ ಒಂದೇ ಒಂದು ಸರಿಯಾದ ನಾಲಿಗೆ ಟೈಲರಮ್ಮನದು, ಅದನ್ನೇ ಕೊಟ್ಟಳು.

ಕೊಟ್ಟದ್ದೇನೋ ಸರಿ, ಅದಕ್ಕೆ ಮಾತು ಬರಬೇಕಲ್ಲ. ಗುರುವಾರ ಮಧ್ಯಾಹ್ನದವರೆಗೆ ಆರು ಸಲ ಬೆರೆಸಿದರು, ಆರು ಸಲ ಚೆಲ್ಲಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಹಾಗೆ ಆಕೆ ಮೊದಲು ಸ್ಟ್ರಾವನ್ನು ದೂರಿದಳು, ಆಮೇಲೆ ಐಸನ್ನು. ಏಳನೆಯ ಸಲ ನಾಲಿಗೆ ಚಾಚಿದವಳು ಬೇಸರದಿಂದ ಅಂದುಬಿಟ್ಟಳು:

"ಏನೋಪ್ಪ, ದೊಗಳೆ ದೊಗಳೆ ಆಗಿದೆ."

ಮೇಷ್ಟ್ರು ತಲೆ ಎತ್ತಿದರು. "ದೊಗಳೆ ಅಂದ್ರೆ?"

"ಇನ್ನೊಬ್ಬರ ಅಂಗಿ ತೊಟ್ಟ ಹಾಗೆ. ಎಲ್ಲೂ ಮೈಗೆ ತಾಗ್ತಾ ಇಲ್ಲ. ಸಿಹಿಯಾಗಿ ಜೋತು ಬಿದ್ದಿದೆ."

ಅವರು ಮತ್ತೆ ಬೆರೆಸಿದರು. ಪಾಕ ಅರ್ಧ ಚಮಚ ಕಡಿಮೆ.

"ಈಗ ತೋಳು ಬಿಗಿ. ಕಂಕುಳಲ್ಲಿ ಹಿಡೀತಿದೆ."

"ನಿಂಬೆ ಜಾಸ್ತಿ ಆಯ್ತು," ಎಂದರು ಮೇಷ್ಟ್ರು. ಕಣ್ಣಲ್ಲಿ ಮೊನ್ನೆಯಿಂದ ಇಲ್ಲದ ಬೆಳಕು ಬಂದಿತ್ತು. "ಹಾಗೇ ಹೇಳ್ತಾ ಹೋಗು ನೀನು. ನಿನ್ನ ಭಾಷೆಯಲ್ಲೇ ಹೇಳು."

ಆಮೇಲೆ ನೋಡಬೇಕಿತ್ತು ಆ ದಂಪತಿಯ ಸಂಭ್ರಮವನ್ನು. ಹೊಲಿಗೆ ಬಿಟ್ಟಿದೆ ಅಂದರೆ ಐಸು ಹೆಚ್ಚು ಕರಗಿದೆ ಅಂತ ಅರ್ಥ. ಅಂಚು ಮಡಚಿಲ್ಲ ಅಂದರೆ ಕುಲುಕಿದ್ದು ಸಾಲದು, ರಮ್ಮು ಹಸಿಯಾಗಿಯೇ ಉಳಿದಿದೆ. ಒಂದು ದೂರು ಮಾತ್ರ ಎಷ್ಟು ತಿದ್ದಿದರೂ ಹೋಗಲೊಲ್ಲದು.

"ಹೊರಗೆಲ್ಲ ಸರಿಯಾಗಿದೆ ರೀ. ಒಳಗಿನ ಅಸ್ತರು ಚುಚ್ತಾ ಇದೆ. ನುಂಗಿದ ಮೇಲೆ ಗಂಟಲ ಹತ್ರ."

ಮೇಷ್ಟ್ರು ಪಾಕ ಬದಲಿಸಿದರು, ಐಸು ಬದಲಿಸಿದರು. ಚುಚ್ಚುವುದು ನಿಲ್ಲಲಿಲ್ಲ. ಕೊನೆಗೆ ಆಕೆ ಎದ್ದು ಅವರ ಪಕ್ಕ ನಿಂತು, ಅವರು ನಿಂಬೆ ಹಿಂಡುವುದನ್ನೇ ನೋಡಿದಳು. ಹೋಳನ್ನು ಹಿಂಡುವ ಇಕ್ಕುಳದಲ್ಲಿಟ್ಟು, ಕೈನರಗಳು ಉಬ್ಬುವ ಹಾಗೆ, ಕೊನೆಯ ಹನಿಯವರೆಗೆ ಒತ್ತುತ್ತಿದ್ದರು.

"ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡ್ತಿದೀರಲ್ಲ. ದಿನಾ ಹೀಗೇನಾ?"

ಅವರ ಕೈ ನಿಂತಿತು. ಹೊಸ ಹುಡುಗರಿಗೆ ಮೊದಲ ದಿನ ಕಲಿಸುವ ಪಾಠವೇ ಅದು: ಮುಕ್ಕಾಲು ಹಿಂಡು, ಕಾಲು ಬಿಡು, ಇಲ್ಲದಿದ್ದರೆ ಸಿಪ್ಪೆಯ ಕಹಿ ಇಳಿಯುತ್ತದೆ. ಮೂಗಿಗೆ ಏನೂ ಸಿಗುತ್ತಿಲ್ಲವೆಂಬ ಭಯಕ್ಕೆ ಕೈ ತಾನೇ ತಾನಾಗಿ ಹೆಚ್ಚು ಒತ್ತುತ್ತಿತ್ತು. ಇಪ್ಪತ್ತೆಂಟು ವರ್ಷ ಊರಿಗೆಲ್ಲ ಹೇಳಿದ ಮಾತನ್ನು ಅವರೇ ಮರೆತಿದ್ದರು. ಮೇಷ್ಟ್ರು ನಾಚಿಕೆಯಿಂದ ನಕ್ಕರು. ಆಕೆಯೂ ನಕ್ಕಳು.

ಸಂಜೆಯ ಹೊತ್ತಿಗೆ ಒಂದು ಅಳತೆ ಸಿಕ್ಕಿತು. ಟೈಲರಮ್ಮ ಗುರುತು ಹಾಕುವ ಸೀಮೆಸುಣ್ಣದಿಂದ ಮೇಜಿನ ಮೂಲೆಯಲ್ಲಿ ಬರೆದಳು: ರಮ್ಮು ನಾಲ್ಕು ಚಮಚ, ನಿಂಬೆ ಎರಡು, ಪಾಕ ಒಂದೂವರೆ. "ಕಣ್ಣು ಮುಚ್ಕೊಂಡು ಇಷ್ಟೇ ಹಾಕಿ. ಮೂಗಿನ ವಿಷಯ ಮಾತ್ರ ಅವರ ಮುಂದೆ ಎತ್ತಬೇಡಿ," ಎಂದು ಎಚ್ಚರಿಸಿದಳು.

ಶುಕ್ರವಾರ ಸರಿಯಾಗಿ ನಾಲ್ಕಕ್ಕೆ ಮ್ಯಾನೇಜರ್ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ, ನೋಟ ಹೆಚ್ಚು. ಕೈಯಲ್ಲೊಂದು ಬಲೆಚೀಲ. "ಹೋಟೆಲಿಗೆ ಬರೋ ನಿಂಬೆಹಣ್ಣು ಇದು. ಇದರಲ್ಲೇ ಮಾಡಿ," ಎಂದು ಮೇಜಿನ ಮೇಲಿಟ್ಟರು.

ಮೇಷ್ಟ್ರು ಅಭ್ಯಾಸ ಮಾಡಿದ್ದು ಬೀದಿಯ ಅಂಗಡಿಯ ಸಣ್ಣ ಹಸಿರು ಹಣ್ಣಿನಲ್ಲಿ. ಇವು ದಪ್ಪಗೆ, ಹಳದಿಗೆ ತಿರುಗಿ, ಬೇರೆಯೇ ಜಾತಿಯವಾಗಿದ್ದವು. ಬೇರೆಯವರ ಅಳತೆ ಹಿಡಿದು ಅಂಗಿ ಕತ್ತರಿಸಿದ ಹಾಗಾಯಿತಲ್ಲ ಎಂದುಕೊಂಡು ಟೈಲರಮ್ಮ ಹೊಲಿಗೆ ಯಂತ್ರದ ಮುಂದೆ ಕೂತಳು. ಹೊಲಿಯುವುದಕ್ಕೆ ಕೈ ಬರಲಿಲ್ಲ.

ಮೇಷ್ಟ್ರು ಮಾತ್ರ ಗಡಿಬಿಡಿ ಮಾಡಲಿಲ್ಲ. ಮೊದಲು ಗ್ಲಾಸಿಗೆ ಐಸು ತುಂಬಿ ತಣ್ಣಗಾಗಲು ಬಿಟ್ಟರು. ದೊಡ್ಡ ಐಸಿನ ಗಡ್ಡೆಯನ್ನು ಅಂಗೈಯಲ್ಲಿಟ್ಟು ಚಮಚದ ಬೆನ್ನಿನಿಂದ ಒಂದೇ ಏಟು ಹಾಕಿದರು. ಅದು ಮೂರು ಹೋಳಾಯಿತು, ಚೂರು ಕೂಡ ಆಚೆ ಹಾರಲಿಲ್ಲ. ರಮ್ಮು ಬಗ್ಗಿಸಿದಾಗ ಸೀಸೆಯ ಬಾಯಲ್ಲಿ ಹನಿ ನಿಲ್ಲಲಿಲ್ಲ. ಶೇಕರ್ ಮುಚ್ಚಿ ಭುಜದ ಹತ್ತಿರ ಎತ್ತಿ ಕುಲುಕತೊಡಗಿದರು. ಕಿವಿಯನ್ನು ಅತ್ತ ವಾಲಿಸಿದ್ದರು. ಐಸಿನ ಸದ್ದು ಮೊದಲು ಒರಟಾಗಿ, ಆಮೇಲೆ ಮೆತ್ತಗಾಗಿ, ಇನ್ನೇನು ನೀರಾಗುತ್ತದೆ ಅನ್ನುವಷ್ಟರಲ್ಲಿ ಕೈ ನಿಂತಿತು. ನಿನ್ನೆಯೆಲ್ಲ ಇದೇ ಕೈಯನ್ನು ನೋಡಿದ್ದಳು, ಆದರೆ ಅದು ಹೆದರಿದ ಕೈ. ಇವತ್ತು ಗಿರಾಕಿ ಎದುರಿಗಿದ್ದರು. ಕೈಗೆ ತಾನು ಯಾರೆಂದು ನೆನಪಾಗಿತ್ತು. ಈ ಮನುಷ್ಯನ ಕೆಲಸವನ್ನು ನಾನು ಬರೀ ಬಗ್ಗಿಸೋದು ಅಂದುಕೊಂಡಿದ್ದೆನಲ್ಲ ಎಂದು ಟೈಲರಮ್ಮನಿಗೆ ತನ್ನ ಮೇಲೇ ಬೇಸರವಾಯಿತು. ಇಷ್ಟು ಚೆಂದವಾಗಿ ತಾನು ಒಂದು ಕಾಲರ್ ಕೂರಿಸಿದ್ದು ಯಾವಾಗ ಎಂದು ಯೋಚಿಸಿದಳು.

ಮೇಷ್ಟ್ರು ಸ್ಟ್ರಾ ಅದ್ದಿ ತಮ್ಮ ನಾಲಿಗೆಗೇ ಬಿಟ್ಟುಕೊಂಡರು. ಕಣ್ಣು ಮುಚ್ಚಿದರು. ಮ್ಯಾನೇಜರ್ ಅವರ ಮುಖವನ್ನೇ ನೋಡುತ್ತಿದ್ದರು. ಸುಮ್ಮನೆ ತಲೆಯಾಡಿಸಿ ಗ್ಲಾಸಿಗೆ ಸೋಸಿದ್ದರೆ ಆಗುತ್ತಿತ್ತು. ಬಗ್ಗಿಸಿಬಿಡಿ ರೀ, ಎಂದು ಟೈಲರಮ್ಮ ಮನಸ್ಸಿನಲ್ಲೇ ಬೇಡಿಕೊಂಡಳು.

ಅವರು ಬಗ್ಗಿಸಲಿಲ್ಲ. ಇನ್ನೊಂದು ಸ್ಟ್ರಾ ತೆಗೆದು, ಅದ್ದಿ, ಬೆರಳು ಮುಚ್ಚಿ, ಮ್ಯಾನೇಜರನ್ನು ದಾಟಿಕೊಂಡು ಹೆಂಡತಿಯ ಬಳಿ ಬಂದರು.

"ಹೇಳು," ಎಂದರು.

ಆಕೆ ಅವರ ಮುಖ ನೋಡಿದಳು, ಮ್ಯಾನೇಜರ ಮುಖ ನೋಡಿದಳು. ಇನ್ನು ಮುಚ್ಚಿಡುವುದಕ್ಕೆ ಏನುಳಿದಿದೆ ಎಂದು ನಾಲಿಗೆ ಚಾಚಿದಳು. ಸುಳ್ಳು ಹೇಳಬಹುದಿತ್ತು. ಆದರೆ ಆ ಕೈಗಳ ಕೆಲಸ ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ.

"ದೊಗಳೆ ಆಗಿದೆ ರೀ. ಸೊಂಟದ ಹತ್ರ ನಿಲ್ತಾನೇ ಇಲ್ಲ."

"ಹಣ್ಣಿಗೆ ಹುಳಿ ಸಾಲದು," ಎಂದರು ಮೇಷ್ಟ್ರು, ಪಾಠ ಹೇಳುವ ದನಿಯಲ್ಲಿ.

"ಸ್ವಲ್ಪ ನಿಂಬೆ ಸೇರಿಸಿದರಾಯ್ತಲ್ಲ?" ಎಂದರು ಮ್ಯಾನೇಜರ್.

"ಮತ್ತೆ ಕುಲುಕಬೇಕಾಗುತ್ತೆ ಮೇಡಂ, ನೀರಾಗುತ್ತೆ. ತೇಪೆ ಹಾಕಿದ್ದನ್ನ ನಾನು ಕೊಡಲ್ಲ." ಶೇಕರನ್ನು ಒಳಗೊಯ್ದು ಬಚ್ಚಲಿಗೆ ಸುರಿದು, ತೊಳೆದು ತಂದು, ಮೊದಲಿನಿಂದ ಶುರು ಮಾಡಿದರು. ತಪ್ಪು ಹೊಲಿಗೆಯನ್ನು ಪೂರ್ತಿ ಬಿಚ್ಚಿ ಮತ್ತೆ ಹಾಕುವುದೇ ಟೈಲರಮ್ಮನ ಪದ್ಧತಿಯೂ ಆಗಿತ್ತು. ಆಕೆಗೆ ಕಣ್ಣು ತುಂಬಿ ಬಂತು, ಹಾಗೆಂದು ಒರೆಸಿಕೊಳ್ಳಲಿಲ್ಲ.

ಎರಡನೆಯದರಲ್ಲಿ ನಿಂಬೆ ಎರಡೂವರೆ ಚಮಚ. ಆಕೆ ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡಳು.

"ಕೂತಿದೆ," ಎಂದಳು.

ಮ್ಯಾನೇಜರ್ ಅರ್ಧ ಗ್ಲಾಸು ಮುಗಿಸಿದರು. ಆಮೇಲೆ, "ನೀವ್ಯಾಕೆ ಹೇಳಲಿಲ್ಲ ರುಚಿ? ಇವರನ್ನ ಯಾಕೆ ಕೇಳಿದ್ರಿ?" ಎಂದರು.

ಮೇಷ್ಟ್ರು ಜ್ವರದಿಂದ ಹಿಡಿದು ಸೀದ ಹಾಲಿನವರೆಗೆ ಎಲ್ಲವನ್ನೂ ಹೇಳಿದರು. "ವಾಸನೆ ಯಾವಾಗ ವಾಪಸ್ ಬರುತ್ತೋ, ಬರುತ್ತೋ ಇಲ್ಲವೋ, ಡಾಕ್ಟರಿಗೂ ಗೊತ್ತಿಲ್ಲ ಮೇಡಂ. ಕೈ ಇದೆ, ಕಿವಿ ಇದೆ. ಮಿಕ್ಕಿದ್ದು ಈಕೆಯ ಹತ್ರ ಇದೆ."

ಟೈಲರಮ್ಮ ಹೊಲಿಗೆ ಯಂತ್ರದ ಚಕ್ರವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಆ ಯಂತ್ರಕ್ಕೂ ಮೂಗಿಲ್ಲ ಮೇಷ್ಟ್ರೇ," ಎಂದರು ಮ್ಯಾನೇಜರ್ ಗ್ಲಾಸು ಕೆಳಗಿಡುತ್ತಾ. "ಅದಕ್ಕೂ ಇದೇ ಹಣ್ಣು ಹಾಕಿದ್ದೆ. ಸಪ್ಪೆಯಾಗಿತ್ತು. ಆದ್ರೂ ಅದು ಯಾರನ್ನೂ ಕೇಳಲಿಲ್ಲ, ಕೊಟ್ಟೇಬಿಡ್ತು." ಎದ್ದು ಚೀಲ ಮಡಚಿದರು. "ಬರೋ ತಿಂಗಳು ಹತ್ತಕ್ಕೆ ಬಾರ್ ತೆರೀತೀವಿ. ದಿನಾ ತೆರೆಯೋ ಮುಂಚೆ ಒಂದು ಗಂಟೆ ಇವರೂ ಬರಲಿ. ಆ ದಿನದ ಹಣ್ಣು ನೋಡಿ ಹೇಳಿ ಹೋಗಲಿ. ಸಂಬಳ ಕೊಟ್ಟೇ ಕರೀತಿದೀನಿ."

"ಮದುವೆ ಬಟ್ಟೆ ಒಪ್ಪಿಕೊಂಡಿದ್ದೀನಿ, ಐದಕ್ಕೆಲ್ಲ ವಾಪಸ್ ಬರಬೇಕು," ಎಂದಳು ಟೈಲರಮ್ಮ. ಅಂದಮೇಲೆ ತಾನು ಹೂಂ ಅಂದಂತಾಯಿತು ಎಂದು ಆಕೆಗೇ ತಿಳಿಯಿತು. ಮ್ಯಾನೇಜರ್ ಮೊದಲ ಸಲ ನಕ್ಕರು.

ಅವರು ಹೋದ ಮೇಲೆ ಮೇಷ್ಟ್ರು ಬಾಗಿಲು ಹಾಕಿ ಬಂದು ಮತ್ತೊಂದು ಡೈಕಿರಿ ಬೆರೆಸಿದರು. ಎರಡು ಗ್ಲಾಸಿಗೆ ಸಮನಾಗಿ ಹಂಚಿದರು. ಒಂದನ್ನು ಹೆಂಡತಿಯ ಕೈಗೆ ಕೊಟ್ಟು ಎದುರಿನ ಸ್ಟೂಲಿನ ಮೇಲೆ ಕೂತರು.

"ನಿಮಗೆ ಏನೂ ಗೊತ್ತಾಗಲ್ವಲ್ಲ ರೀ. ಯಾಕೆ ಸುಮ್ಮನೆ?"

"ನೀನು ಹೇಳು. ಹೊಲಿಗೆ ಮಾತು ಬೇಡ ಈಗ. ಹೇಗಿದೆಯೋ ಹಾಗೆ ಹೇಳು."

ಇಬ್ಬರೂ ಒಟ್ಟಿಗೆ ಒಂದೊಂದು ಗುಟುಕು ಬಾಯಿಗೆ ತೆಗೆದುಕೊಂಡರು. ಆಕೆ ನಿಧಾನಕ್ಕೆ ನುಂಗಿದಳು.

"ಮೊದಲು ತಣ್ಣಗಿದೆ, ಹಲ್ಲು ಜುಮ್ ಅನ್ನೋ ಹಾಗೆ. ಆಮೇಲೆ ನಿಂಬೆ. ಎಲೆ ಕಿವುಚಿದಾಗ ಬರುತ್ತಲ್ಲ, ಆ ಥರ. ಅದು ಹೋಗೋ ಮುಂಚೆನೇ ಸಿಹಿ ಬಂದು ಅದರ ಕೈ ಹಿಡೀತು."

ಮೇಷ್ಟ್ರು ಗುಟುಕನ್ನು ಬಾಯಲ್ಲೇ ಹಿಡಿದುಕೊಂಡು, ಆಮೇಲೆ ಏನು ಎಂದು ಹುಬ್ಬಿನಲ್ಲೇ ಕೇಳಿದರು.

"ತಾಳಿ. ಕೆಳಗಡೆಯಿಂದ ಏನೋ ಬೆಚ್ಚಗೆ ಬರ್ತಾ ಇದೆ. ಇನ್ನೂ ಪೂರ್ತಿ ಬಂದಿಲ್ಲ."

ಮೇಷ್ಟ್ರು ಕಣ್ಣು ಮುಚ್ಚಿ, ನುಂಗದೆ, ಕಾದರು.