ಗೆಂಜೊ ಎಳೆದ ಹಳದಿ ಗೆರೆ

ಗೆಂಜೊನ ಕಾರ್ಖಾನೆಯಲ್ಲಿ ಇಲ್ಲದ ಸಾಮಾನಿರಲಿಲ್ಲ. ಬೇಕಾದಾಗ ಸಿಗುತ್ತಿರಲಿಲ್ಲ, ಅಷ್ಟೇ.

ಜಪಾನಿನ ಮಿಕಾವಾ ಸೀಮೆಯಲ್ಲಿ ಇಂಥ ಕಾರ್ಖಾನೆಗಳಿಗೆ ಬರವಿಲ್ಲ. ಮುಂದೆ ಭತ್ತದ ಗದ್ದೆ, ಹಿಂದೆ ವಾಸದ ಮನೆ, ನಡುವೆ ತಗಡಿನ ಸೂರಿನ ಕೆಳಗೆ ಎರಡು ಪ್ರೆಸ್ ಯಂತ್ರ. ಕಾರಿನ ಸೀಟಿನ ಅಡಿಗೆ ಹಾಕುವ ಕಬ್ಬಿಣದ ಪಟ್ಟಿಗಳನ್ನು ಅಲ್ಲಿ ಅಚ್ಚಿನಲ್ಲಿಟ್ಟು ಒತ್ತುತ್ತಿದ್ದರು. ದುಡಿಯುವವರು ಮೂರೇ ಜನ. ಯಂತ್ರ ನಡೆಸುವವಳು ಮಗಳು ಚಿಜುರು. ಎಣಿಸುವುದು, ಕಟ್ಟುವುದು, ಬೈಯುವುದು ಹೆಂಡತಿ ಫುಮಿಯೆಯ ಪಾಲು. ಯಜಮಾನ ಗೆಂಜೊ ಮಾಲು ಪರೀಕ್ಷಿಸಬೇಕು. ಆದರೆ ಅವನ ದಿನವೆಲ್ಲ ಕೇಳಿದ್ದನ್ನು ಹುಡುಕಿ ಕೊಡುವುದರಲ್ಲೇ ಕಳೆಯುತ್ತಿತ್ತು.

"ಅಪ್ಪಾ, ಹದಿನಾಲ್ಕರ ಸ್ಪ್ಯಾನರ್ ಎಲ್ಲಿ?"

"ಅಕ್ಕಿ ಬಿಸ್ಕತ್ತಿನ ಡಬ್ಬಿ ಇದ್ಯಲ್ಲ, ಅದರ ಹಿಂದೆ ನೋಡು. ತುಕ್ಕು ಹಿಡಿದಿರೋ ಡಬ್ಬಿ."

"ಎಲ್ಲಾ ಡಬ್ಬಿಗೂ ತುಕ್ಕು ಹಿಡಿದಿದೆ."

ಗೆಂಜೊ ನಿಟ್ಟುಸಿರು ಬಿಟ್ಟು ಎದ್ದು ಬರುತ್ತಿದ್ದ. ಮೂರು ಡಬ್ಬಿ ಸರಿಸಿ, ಒಂದು ಮೂಟೆ ಎತ್ತಿ, ಸ್ಪ್ಯಾನರನ್ನು ಮೊಲ ಹಿಡಿದವನಂತೆ ಎತ್ತಿ ತೋರಿಸುತ್ತಿದ್ದ. ನಾನಿಲ್ಲದಿದ್ದರೆ ಇವರ ಗತಿ ಏನು ಎಂದು ಒಳಗೊಳಗೇ ಹಿಗ್ಗುತ್ತಿದ್ದ. ಯಾವುದು ಎಲ್ಲಿದೆ ಎಂಬುದು ಅವನ ತಲೆಗೆ ಮಾತ್ರ ಗೊತ್ತು. ಆ ತಲೆಯ ಬಗ್ಗೆ ಅವನಿಗೆ ಬಹಳ ಗೌರವ.

ಕೈಕೊಟ್ಟದ್ದು ಕಣ್ಣು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಿಗ್ಗೆ ಗದ್ದೆಯ ಬೆದರುಬೊಂಬೆಗೆ ನಡು ಬಗ್ಗಿಸಿ ನಮಸ್ಕಾರ ಹೇಳಿ, ಅದು ತಿರುಗಿ ನಮಸ್ಕರಿಸಲಿಲ್ಲವೆಂದು ಮನೆಗೆ ಬಂದು ಸಿಡುಕುತ್ತಿದ್ದ. ಆಪರೇಷನ್ ಮಾಡಿಸಿ, ಆಮೇಲೆ ಎರಡು ವಾರ ಎಣ್ಣೆ-ಧೂಳಿನ ಕಡೆ ತಲೆ ಹಾಕಬೇಡಿ ಎಂದು ಡಾಕ್ಟರು ಹೇಳಿದ್ದರು. ಎರಡು ವಾರ ತಾನಿಲ್ಲದೆ ಕಾರ್ಖಾನೆ ನಡೆಯುವುದುಂಟೇ? ಅವನು ಆಗಲೇ ಎರಡು ಸಲ ದಿನ ಮುಂದಕ್ಕೆ ಹಾಕಿಸಿದ್ದ.

ಅಷ್ಟರಲ್ಲಿ ಒಂದು ದಿನ, ಪಟ್ಟಿ ಹೊರಗೆ ಬಂದಿದೆ ಎಂದುಕೊಂಡು ಯಂತ್ರದ ಬಾಯಿಗೇ ಕೈ ಹಾಕಿದ. ಚಿಜುರು ತಳ್ಳಿದ್ದರಿಂದ, ಹೋಗಬೇಕಿದ್ದ ಎರಡು ಬೆರಳು ಉಳಿದವು. ಆ ದಿನ ಫುಮಿಯೆ ಬೈಯಲಿಲ್ಲ. ಅವಳು ಬೈಯದೆ ಇದ್ದದ್ದು ನೋಡಿ ಗೆಂಜೊಗೆ ನಿಜವಾಗಿ ಹೆದರಿಕೆಯಾಯಿತು.

ಮಾರನೆಯ ದಿನ ಫುಮಿಯೆ ಗದ್ದೆಯಾಚೆ ಮನೆಯ ತೊಕಿಕೊಳನ್ನು ಕರೆಸಿದಳು. ತೊಕಿಕೊ ದೊಡ್ಡ ಕಾರು ಕಾರ್ಖಾನೆಯೊಂದರಲ್ಲಿ ಜೋಡಣೆ ಸಾಲಿನ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. ಬರುವಾಗ ಒಂದು ಮೂಲಂಗಿ, ಹೋಗುವಾಗ ಒಂದು ಬುದ್ಧಿಮಾತು ಕೊಡುವುದು ಅವಳ ಪದ್ಧತಿ. ಸುತ್ತ ಕಣ್ಣಾಡಿಸಿ, ಹೆಸರಿಗೆ ಮರ್ಯಾದೆಯ 'ಸಾನ್' ಸೇರಿಸಿ ಹೇಳಿದಳು:

"ಗೆಂಜೋಸಾನ್, ನಿಮ್ಮ ತಲೇಲಿರೋದನ್ನ ಗೋಡೆಗೆ ಇಳಿಸಿ. ಆಮೇಲೆ ತಲೆ ಆಸ್ಪತ್ರೆಗೆ ಹೋದ್ರೂ ಕಾರ್ಖಾನೆ ನಡೆಯುತ್ತೆ."

"ಅದೆಲ್ಲಾ ದೊಡ್ಡೋರ ಆಟ ತೊಕಿಕೋಸಾನ್. ಈ ಗುಬ್ಬಿ ಗೂಡಿಗೆ ಯಾಕೆ?"

ತೊಕಿಕೊ ವಾದಕ್ಕಿಳಿಯಲಿಲ್ಲ. ಭಾನುವಾರ ಅಚ್ಚುಕಟ್ಟು ಮಾಡಿಡಿ, ಸೋಮವಾರ ಬಂದು ನೋಡುತ್ತೇನೆ ಎಂದಳು. ಗೆಂಜೊಗೆ ಛಲ ಬಂತು.

ಈ ಸೀಮೆಯ ಮನೆಗಳಲ್ಲಿ ಅತಿಥಿಯ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಹಾಸಿಗೆ, ಒಗೆದ ಬಟ್ಟೆ, ಮಕ್ಕಳ ಆಟಿಕೆ ಎಲ್ಲವನ್ನೂ ಗೋಡೆ ಬೀರುವಿಗೆ ತುರುಕಿ ಜಾರುಬಾಗಿಲು ಎಳೆದುಬಿಡುತ್ತಾರೆ. ಒಳಗೆ ಬಂದವರಿಗೆ ಕಾಣುವುದು ಬರೀ ಚಾಪೆ, ಒಂದು ಹೂವು. ಬಂದವರ ಮನೆಯಲ್ಲೂ ಅದೇ ಕಥೆಯಾದ್ದರಿಂದ ಯಾರೂ ಬೀರು ತೆಗೆಯುವುದಿಲ್ಲ. ಗೆಂಜೊ ಆ ವಿದ್ಯೆಯನ್ನು ಕಾರ್ಖಾನೆಯ ಬೀರುಗಳಿಗೆ ತಂದ. ಸಂಜೆಯ ಹೊತ್ತಿಗೆ ನೆಲದ ಮೇಲೆ ಒಂದು ಬೋಲ್ಟೂ ಇರಲಿಲ್ಲ.

ಸೋಮವಾರ ತೊಕಿಕೊ ಬಂದು ನೆಲ ಹೊಳೆಯುವುದನ್ನು ಮೆಚ್ಚಿದಳು. ಗೆಂಜೊ ಎದೆ ಉಬ್ಬಿಸಿದ. ಈಗ ಯಂತ್ರದ ಅಚ್ಚು ಬದಲಾಯಿಸಮ್ಮ ಎಂದು ಅವಳು ಚಿಜುರುಗೆ ಹೇಳಿ ಚಹಾ ಹಿಡಿದು ಕೂತಳು.

ಚಿಜುರು ಅಚ್ಚು ಬಿಚ್ಚುವ ಸ್ಪ್ಯಾನರ್ ಹುಡುಕಿದಳು. ಫುಮಿಯೆಯೂ ಹುಡುಕಿದಳು. ಈ ಸಲ ಗೆಂಜೊನ ತಲೆಯೂ ಕೈಬಿಟ್ಟಿತು. ಎಲ್ಲಿ ತುರುಕಿದ್ದೇನೆಂದು ಅವನಿಗೇ ನೆನಪಿಲ್ಲ. ತೊಕಿಕೊಳ ಚಹಾ ಮುಗಿಯಿತು, ಇನ್ನೊಂದು ಲೋಟ ಬಂತು, ಅದೂ ತಣ್ಣಗಾಯಿತು. ಕೊನೆಗೆ ಗೆಂಜೊ ಮೂರನೆಯ ಬೀರುವಿನ ಬಾಗಿಲನ್ನು ಬಲವಾಗಿ ಎಳೆದ. ಒಳಗಿದ್ದದ್ದೆಲ್ಲ ಅವನ ಮೈಮೇಲೆ ಬಂತು. ಹಗ್ಗ, ಕೆಟ್ಟ ಫ್ಯಾನು, ಚಿಜುರು ಚಿಕ್ಕವಳಿದ್ದಾಗಿನ ಬೇಸ್‌ಬಾಲ್ ಕೈಗವಸು, ಎಲ್ಲಕ್ಕಿಂತ ಕೊನೆಗೆ ಹದಿನಾಲ್ಕರ ಸ್ಪ್ಯಾನರ್, ಅದೂ ನೇರ ಕಾಲಿನ ಹೆಬ್ಬೆರಳಿನ ಮೇಲೆ.

"ಸಿಕ್ತು," ಎಂದ ಗೆಂಜೊ, ಕಾಲು ಹಿಡಿದುಕೊಂಡು.

ತೊಕಿಕೊ ನಗಲಿಲ್ಲ. ನಗು ತಡೆಯಲು ಅವಳು ಪಟ್ಟ ಪಾಡು ಬೇರೆ ಮಾತು.

"ಅಚ್ಚುಕಟ್ಟು ಅಂದ್ರೆ ಬಚ್ಚಿಡೋದಲ್ಲ ಗೆಂಜೋಸಾನ್, ತೋರಿಸೋದು. ಮನೇಲಿ ಬಂದವರ ಕಣ್ಣಿಗೆ ಬೀಳದ ಹಾಗೆ ಇಡ್ತೀವಿ. ಇಲ್ಲಿ ಕೆಲಸ ಮಾಡೋರ ಕಣ್ಣಿಗೆ ಬೀಳೋ ಹಾಗೆ ಇಡ್ಬೇಕು."

ಅಂದಿನಿಂದ ಕೆಲಸ ಶುರುವಾಯಿತು. ಮೊದಲು ಬೇಡದ ಸಾಮಾನಿಗೆಲ್ಲ ಕೆಂಪು ಚೀಟಿ ಅಂಟಿಸಿದರು. ಹೆಂಗಸರು ಅಂಟಿಸುತ್ತ ಮುಂದೆ ಹೋದರೆ ಗೆಂಜೊ ಕೀಳುತ್ತ ಹಿಂದೆ ಬರುತ್ತಿದ್ದ. ಎಂದಾದರೂ ಬೇಕಾಗುತ್ತದೆ ಎಂಬುದು ಅವನ ವಾದ. ಹಿಡಿಯಿಲ್ಲದ ಸುತ್ತಿಗೆಯೊಂದನ್ನು ಅಪ್ಪನದೆಂದು ಎದೆಗೊತ್ತಿಕೊಂಡು ನಿಂತೇಬಿಟ್ಟ.

"ಮಾವನವರ ಮೇಲೆ ಅಷ್ಟು ಪ್ರೀತಿ ಇದ್ದಿದ್ರೆ ಇಷ್ಟು ಹೊತ್ತಿಗೆ ಇದಕ್ಕೊಂದು ಹಿಡಿ ಹಾಕಿಸಿರ್ತಿದ್ರಿ," ಎಂದಳು ಫುಮಿಯೆ.

ಕೊನೆಗೆ ಸುತ್ತಿಗೆ ಮನೆಯೊಳಗೆ, ಹಿರಿಯರ ಪೂಜೆಯ ಗೂಡಿನಲ್ಲಿ, ಅಪ್ಪನ ಚಿತ್ರದ ಮುಂದೆ ಕೂತಿತು. ಉಳಿದದ್ದು ಗುಜರಿಗೆ ಹೋಯಿತು.

ಆಮೇಲೆ ಬೀರುಗಳ ಬಾಗಿಲನ್ನೇ ಕಳಚಿದರು. ಗೋಡೆಗೆ ಹಲಗೆ ಹೊಡೆದು, ಒಂದೊಂದು ಸಲಕರಣೆಯನ್ನೂ ಅದರ ಮೇಲಿಟ್ಟು ಸುತ್ತ ಗೆರೆ ಎಳೆದು, ಅದೇ ಆಕಾರಕ್ಕೆ ಕಪ್ಪು ಬಣ್ಣ ತುಂಬಿ, ಕೆಳಗೆ ಹೆಸರು, ಅಳತೆ ಬರೆದರು. ಸ್ಪ್ಯಾನರ್ ತೆಗೆದರೆ ಅದರ ಕಪ್ಪು ನೆರಳು ಗೋಡೆಯಲ್ಲಿ ಉಳಿಯುತ್ತಿತ್ತು. ಯಾವುದು ಇಲ್ಲ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಎಡ ಸೀಟಿನ ಅಚ್ಚಿಗೆ ನೀಲಿ, ಅದನ್ನಿಡುವ ಜಾಗಕ್ಕೂ ನೀಲಿ. ಬೋಲ್ಟಿನ ಡಬ್ಬಿಯ ಒಳಗೆ ಕೆಂಪು ಗೆರೆ. ಬೋಲ್ಟು ಇಳಿದು ಗೆರೆ ಕಂಡ ದಿನ ಅಂಗಡಿಗೆ ಫೋನು. ಯಂತ್ರದ ಮೇಲೊಂದು ಕೆಂಪು ದೀಪ. ಏನಾದರೂ ಸರಿಯಿಲ್ಲದಿದ್ದರೆ ದಾರ ಎಳೆದು ದೀಪ ಹತ್ತಿಸಿ ಯಂತ್ರ ನಿಲ್ಲಿಸುವುದು, ಸರಿಯಾಗುವವರೆಗೆ ಯಾರೂ ಅದನ್ನು ಮುಟ್ಟಕೂಡದು.

ಯಂತ್ರದ ಸುತ್ತ, ಇದರಿಂದ ಒಳಗೆ ಬರಬೇಡಿ ಎನ್ನುವ ಹಳದಿ ಗೆರೆಯನ್ನು ಮಾತ್ರ ಯಜಮಾನನೇ ಎಳೆಯಬೇಕೆಂದು ಗೆಂಜೊ ಹಟ ಹಿಡಿದ. ಗೆರೆ ನೇರ ಬರಲು ದಾರ ಹಿಡಿಯಲೇ ಎಂದು ಮಗಳು ಕೇಳಿದರೆ ಬೇಡವೆಂದ. ಎಳೆದು ಮುಗಿಸಿ, ಸೊಂಟದ ಮೇಲೆ ಕೈಯಿಟ್ಟು, ನೂಲು ಹಿಡಿದ ಹಾಗೆ ಬಂದಿದೆ ಎಂದು ತಾನೇ ಮೆಚ್ಚಿಕೊಂಡ. ತಾಯಿ ಮಗಳು ಮುಖ ಮುಖ ನೋಡಿಕೊಂಡರು.

ತೊಕಿಕೊ ಪರೀಕ್ಷೆಗೆ ಬಂದಳು. ಸಲಕರಣೆಯ ಹೆಸರೂ ಸರಿಯಾಗಿ ಗೊತ್ತಿಲ್ಲದ ಫುಮಿಯೆಗೆ ಹದಿನಾಲ್ಕರ ಸ್ಪ್ಯಾನರ್ ತರಲು ಹೇಳಿದಳು. ಗೆಂಜೊ ಚಹಾದ ಲೋಟ ಬಾಯಿಗೆ ತರುವಷ್ಟರಲ್ಲಿ ಸ್ಪ್ಯಾನರ್ ಅವನ ಮುಂದಿತ್ತು. ಅವನು ಸೊಟ್ಟ ಮೂತಿಯ ಇಕ್ಕಳ ಕೇಳಿದ. ಅದೂ ಬಂತು.

ಊಟದ ಹೊತ್ತಿಗೆ ಅವನು ಮಿಸೊ ಸಾರು ಮುಟ್ಟದೆ ಕೂತಿದ್ದ. ಫುಮಿಯೆ ಏನೆಂದು ಕೇಳಿದಳು.

"ಎಲ್ಲಾ ಗೋಡೇನೇ ಹೇಳುತ್ತೆ. ಇನ್ನು ನಾನ್ಯಾಕೆ?"

"ಸ್ಪ್ಯಾನರ್ ಹುಡುಕೋಕೆ ಅಂತ ನಿಮ್ಮನ್ನ ಕಟ್ಕೊಂಡೆನಾ?" ಎಂದಳು ಅವಳು. "ಪಟ್ಟಿ ಕೂದಲಷ್ಟು ಬಾಗಿದ್ರೂ ಹಿಡೀತಿದ್ದ ಕಣ್ಣು ಅದು. ಅದು ನನಗೆ ವಾಪಸ್ ಬೇಕು. ನಿಮ್ಮ ಬೆರಳೂ ಬೇಕು. ಆಸ್ಪತ್ರೆಗೆ ಹೋಗ್ರಿ."

ಗೆಂಜೊ ಸಾರು ಕುಡಿದ. ಮಾರನೆಯ ವಾರ ಆಸ್ಪತ್ರೆಗೆ ಸೇರಿದ.

ದಿಂಬಿನ ಪಕ್ಕದಲ್ಲೇ ಫೋನು ಇಟ್ಟುಕೊಂಡಿದ್ದ. ಅದು ಸದ್ದು ಮಾಡಲೇ ಇಲ್ಲ. ಕಣ್ಣಿಗೆ ಪಟ್ಟಿ ಕಟ್ಟಿದ್ದರೂ ನರ್ಸಮ್ಮನ ಕೈಯಲ್ಲಿ ನಂಬರು ಒತ್ತಿಸಿ ತಾನೇ ಮಾಡಿದ.

"ಏನಾದ್ರೂ ಬೇಕಿತ್ತಾ?"

"ಇಲ್ಲಪ್ಪ," ಎಂದಳು ಚಿಜುರು.

"ಹದಿನಾಲ್ಕರ ಸ್ಪ್ಯಾನರ್?"

"ಕೈಯಲ್ಲೇ ಇದೆ."

ನಮ್ಮ ಕಾರ್ಖಾನೆ ನಾನಿಲ್ಲದೆ ನಡೆಯುತ್ತಿದೆ ಎಂದು ಪಕ್ಕದ ಹಾಸಿಗೆಯವರ ಬಳಿ ಮೊದಲ ದಿನ ಗೋಳಾಡಿದ. ಮನೆಗೆ ಹೊರಡುವಷ್ಟರಲ್ಲಿ ಅದೇ ಮಾತನ್ನು ಜಂಬದಿಂದ ಹೇಳುತ್ತಿದ್ದ.

ಎರಡು ವಾರ ಕಳೆದು ಕಾರ್ಖಾನೆಗೆ ಹೊರಟವನು ಗದ್ದೆಯ ಹತ್ತಿರ ನಿಂತ. ಬೆದರುಬೊಂಬೆ ಸ್ಪಷ್ಟವಾಗಿ ಕಂಡಿತು. ಅದರ ಮೈಮೇಲಿದ್ದದ್ದು ತಾನು ವರ್ಷಗಟ್ಟಲೆ ಹುಡುಕುತ್ತಿದ್ದ ಕಂದು ಕೋಟು. ಆ ಜಗಳವನ್ನು ಊಟದ ಹೊತ್ತಿಗೆ ಕಾದಿರಿಸಿ ಒಳಗೆ ಹೋದ. ಗೋಡೆ ನೋಡಿದ, ಅಚ್ಚುಗಳನ್ನು ನೋಡಿದ, ನೆಲ ನೋಡಿದ.

"ಯಾವ ಕುಡುಕ ಎಳೆದಿದ್ದು ಈ ಗೆರೆ?"

ಚಿಜುರು ಅಪ್ಪನತ್ತಲೇ ಬೆರಳು ತೋರಿಸಿದಳು. ಹಳದಿ ಗೆರೆ ಹಾವಿನ ಹಾಗೆ ಹೊರಳಿ, ಕೊನೆಯಲ್ಲಿ ಯಂತ್ರದ ಬಾಯಿಯ ಬುಡಕ್ಕೇ ನುಗ್ಗಿತ್ತು. ಅಂದು ಅವನ ಕೈ ಹೋದದ್ದೂ ಅಲ್ಲಿಗೇ. ಆ ತುದಿಗೆ ಫುಮಿಯೆ ಹಗ್ಗ ಅಡ್ಡ ಕಟ್ಟಿದ್ದಳು. ಗೆಂಜೊ ಅಂದು ಉಳಿದ ಎರಡು ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ?" ಎಂದಳು ಫುಮಿಯೆ. "ಕಣ್ಣಿಗೆ ಕಂಡ್ರೆ ಯಾರೂ ಹೇಳ್ಬೇಕಾಗಿಲ್ಲ ಅಂತ ಹಾಗೇ ಬಿಟ್ವಿ."

ಗೆಂಜೊ ಬಣ್ಣದ ಡಬ್ಬಿ ತಂದ. ಅದು ಎಲ್ಲಿದೆ ಎಂದು ಯಾರನ್ನೂ ಕೇಳಲಿಲ್ಲ. ಈ ಸಲ ದಾರ ಹಿಡಿಯಲು ತಾನೇ ಮಗಳನ್ನು ಕರೆದ.

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮದು ಗ್ಯಾರೇಜೇ ಇರಲಿ, ಹೊಲಿಗೆ ಅಂಗಡಿಯೇ ಇರಲಿ, ಮೂರು ಜನ ಓಡಾಡುವ ಅಡುಗೆಮನೆಯೇ ಇರಲಿ, ಯಾವುದು ಎಲ್ಲಿದೆ ಎಂಬುದು ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ ಆ ಒಬ್ಬರಿಗೆ ಕಾಯಿಲೆ ಬೀಳಲೂ ಬಿಡುವಿರುವುದಿಲ್ಲ. ಬೇಡದ್ದನ್ನು ಕಳಿಸಿ. ಬೇಕಾದ್ದಕ್ಕೆ ಒಂದು ಜಾಗ ಕೊಟ್ಟು, ಆ ಜಾಗ ಖಾಲಿಯಾದರೆ ಯಾರಿಗೂ ಕಾಣುವಂತೆ ಗುರುತು ಹಾಕಿ. ಅಪಾಯವಿರುವಲ್ಲಿ ಗೆರೆ ಎಳೆಯಿರಿ. ಇಂದೇ, ಒಂದು ಸ್ಪ್ಯಾನರಿನಿಂದಲೇ ಶುರುಮಾಡಿ. ಗೆರೆ ಸೊಟ್ಟಗೆ ಬಂದರೆ ಒರೆಸಿ ಮತ್ತೆ ಎಳೆದರಾಯಿತು. ಆದರೆ ನಿಮಗೆ ಅದು ನೇರವಾಗಿಯೇ ಕಂಡು, ಮನೆಯವರು ಮುಖ ಮುಖ ನೋಡಿಕೊಂಡರೆ, ಬಣ್ಣದ ಡಬ್ಬಿ ಕೆಳಗಿಟ್ಟು ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ.